ಹಾಲು ಬಿಡಿಸಿದ ವಾರದಲ್ಲೇ ಹಂದಿಮರಿಗಳು ಸೊರಗುವುದೇಕೆ?

ಶಿರಸಿಯ ಮಳೆಗಾಲದಲ್ಲಿ ಹಾಲು ಬಿಡಿಸಿದ ಮರಿಗಳಿಗೆ ಭೇದಿ ಯಾಕೆ ಅಂತ ಕೇಳಿದ್ದೀರಿ. ರೋಗಾಣುವೊಂದೇ ಕಾರಣವಲ್ಲ, ಕರುಳಿನ ಒಳಪದರವೇ ಅಷ್ಟರಲ್ಲಿ ಸೋತಿರುತ್ತದೆ.

ತಾಯಿಯಿಂದ ಬೇರೆಯಾದ ಮರಿ ಒಂದೆರಡು ದಿನ ಸರಿಯಾಗಿ ತಿನ್ನುವುದಿಲ್ಲ, ತೊಟ್ಟಿ ಮೂಸಿ ಹಿಂದೆ ಸರಿಯುತ್ತದೆ. ಹೊಟ್ಟೆ ಖಾಲಿ ಬಿದ್ದಾಗ ಕರುಳಿನೊಳಗೆ ಆಹಾರ ಹೀರುವ ಬೆರಳಿನಂಥ ಎಳೆಗಳು ಕುಗ್ಗುತ್ತವೆ. ಮೇಲಿಂದ ಗಾಬರಿ, ಚಳಿ. ಫ್ರೀ ರ‍್ಯಾಡಿಕಲ್ ಎಂಬ ಪುಂಡ ಕಣಗಳು ಜೀವಕೋಶದಲ್ಲಿ ಹೆಚ್ಚುತ್ತವೆ. ಅವನ್ನು ಅಡಗಿಸುವ ವಿಟಮಿನ್ ಇ ಮಟ್ಟ ಇಳಿಯುತ್ತದೆ. ಇದೇ ಆಕ್ಸಿಡೇಟಿವ್ ಸ್ಟ್ರೆಸ್. ಕೋಶದ ಪೊರೆ ಹಾಳಾಗಿ ಕರುಳು ಸೋರತೊಡಗಿದರೆ ರೋಗಾಣುಗಳಿಗೆ ದಾರಿ ಸಲೀಸು.

ನನ್ನ ಕೇಳಿದರೆ, ಔಷಧಕ್ಕಿಂತ ಮೊದಲು ಒಣ ಹಾಸು, ಹಾಲು ಬಿಡಿಸುವ ಮುಂಚೆಯೇ ಮರಿ ಆಹಾರದ ರೂಢಿ. ಕಮಟು ಹಿಡಿದ ಕೊಬ್ಬರಿ ಹಿಂಡಿ ಬೇಡವೇ ಬೇಡ. ವಿಟಮಿನ್ ಇ ಜೊತೆಗೂಡಿ ಕೆಲಸ ಮಾಡುವ ಸೆಲೆನಿಯಂ ಎಂಬ ಖನಿಜ ಅಳತೆ ಮೀರಿದರೆ ವಿಷ, ಪಶುವೈದ್ಯರನ್ನು ಕೇಳಿಯೇ ಕೊಡಿ.