ಅಪ್ಪನ ಹಳೇ ಯೆಜ್ಡಿ ಬೈಕಿನ ಟ್ಯಾಂಕು, ಸೈಡ್ ಬಾಕ್ಸ್‌ಗೆ ಮನೆಯಲ್ಲೇ ಪೇಂಟ್ ಹೊಡೆಯಬಹುದೇ?

ಹೊಡೆಯಬಹುದು. ಸೈಡ್ ಬಾಕ್ಸ್, ಮಡ್‌ಗಾರ್ಡ್‌ಗೆ ಅಂಗಡಿಯ ಸ್ಪ್ರೇ ಕ್ಯಾನ್ ಸಾಕು. ಟ್ಯಾಂಕಿನದು ಬೇರೆ ಕತೆ. ಸಾಮಾನ್ಯ ಕ್ಯಾನಿನ ಲ್ಯಾಕರ್ ಮೇಲೆ ಪೆಟ್ರೋಲ್ ಚೆಲ್ಲಿತೋ, ಬಣ್ಣ ಮೆತ್ತಗಾಗಿ ಏಳುತ್ತದೆ. ಅದಕ್ಕೆ ಬಣ್ಣದ ಮೇಲೆ, ಗಟ್ಟಿಯಾಗಿಸುವ ಹಾರ್ಡನರ್ ಬೆರೆಸಿ ಹೊಡೆಯುವ ಪಾರದರ್ಶಕ 2ಕೆ ಕ್ಲಿಯರ್ ಕೋಟ್ ಬೇಕು. ಅದರಲ್ಲಿ ಉಸಿರಾಟಕ್ಕೆ ಕೆಡುಕಾದ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ, ಬಟ್ಟೆಯ ಮಾಸ್ಕ್ ಏನೂ ತಡೆಯುವುದಿಲ್ಲ. ಸರಿಯಾದ ರೆಸ್ಪಿರೇಟರ್ ಇಲ್ಲದಿದ್ದರೆ ಆ ಒಂದು ಕೋಟನ್ನು ಪೇಂಟರ್ ಕೈಗೇ ಕೊಡಿ. ನಾನಂತೂ ಹಾಗೇ ಮಾಡುತ್ತೇನೆ.

ಖಾಲಿ ಟ್ಯಾಂಕ್ ತುಂಬಿದ್ದಕ್ಕಿಂತ ಅಪಾಯ, ಒಳಗೆ ಪೆಟ್ರೋಲ್ ಆವಿ ಉಳಿದಿರುತ್ತದೆ. ಚೆನ್ನಾಗಿ ತೊಳೆದು ಒಣಗಿಸುವ ತನಕ ಗ್ರೈಂಡರ್, ಹೀಟ್ ಗನ್ ಹತ್ತಿರ ತರಬೇಡಿ.

ಮುಕ್ಕಾಲು ಕೆಲಸ ಉಜ್ಜುವುದರಲ್ಲೇ ಇದೆ. ಹಳೇ ಬಣ್ಣದಲ್ಲಿ ಸೀಸ ಇರಬಹುದು, ಹಾಗಾಗಿ ವಾಟರ್ ಪೇಪರಿನಿಂದ ಒದ್ದೆಯಾಗಿಯೇ ಉಜ್ಜಿ. ಬರೀ ತಗಡು ಕಂಡಲ್ಲಿ ತಕ್ಷಣ ಒರೆಸಿ, ಬೇಗ ತುಕ್ಕು ಹಿಡಿಯುತ್ತದೆ. ಜಿಡ್ಡು ತೆಗೆದು, ಎಪಾಕ್ಸಿ ಪ್ರೈಮರ್ ತೆಳುವಾಗಿ 2 ಸಲ. ಒಣಗಿದ ಮೇಲೆ 400, 600 ನಂಬರ್ ಪೇಪರ್. ಆಮೇಲೆ ಬಣ್ಣ, 3–4 ತೆಳು ಕೋಟ್, ನಡುವೆ 10–15 ನಿಮಿಷ ಬಿಡಿ. ಆತುರಪಟ್ಟರೆ ಬಣ್ಣ ಸೋರಿ ಇಳಿಯುತ್ತದೆ.

ಮಳೆಗಾಲದಲ್ಲಿ ಬೇಡ, ತೇವಕ್ಕೆ ಹೊಳಪು ಮಂಕಾಗುತ್ತದೆ. ಇನ್ನೊಂದು: 1996ರಲ್ಲಿ ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಕಾರ್ಖಾನೆ ಮುಚ್ಚಿತು, ಆ ಮೂಲ ಬಣ್ಣ ಈಗ ಡಬ್ಬಿಯಲ್ಲಿ ಸಿಗುವುದಿಲ್ಲ. ಸೀಟಿನ ಕೆಳಗೆ, ಬಿಸಿಲು ತಾಕದ ಜಾಗದಲ್ಲಿ ಉಳಿದ ಬಣ್ಣವನ್ನು ಪೇಂಟ್ ಅಂಗಡಿಯಲ್ಲಿ ತೋರಿಸಿ, ಅದಕ್ಕೆ ಹೊಂದುವಂತೆ ಬೆರೆಸಿಕೊಳ್ಳಿ. ಅದನ್ನು ಉಜ್ಜುವ ಮೊದಲೇ!