ಹಾಯಿ ಹಡಗು ಸುಮ್ನೆ ಶೋಕಿಗಲ್ಲ

ತೀರ್ಥಹಳ್ಳಿಯ ಅಣ್ಣಾವ್ರೇ, ಕೇರಳದ ಎಳಿಮಲ ನೌಕಾ ಅಕಾಡೆಮಿ ಮುಗಿಸಿದ ಮಗನನ್ನು ಈ ಕಾಲದಲ್ಲೂ ಹಾಯಿ ಹಡಗಿಗೆ ಯಾಕೆ ಹತ್ತಿಸುತ್ತಾರೆ ಅಂತ ಕೇಳಿದ್ದೀರಿ. ಗಾಳಿ, ಅಲೆ, ನೀರಿನ ಸೆಳೆತ ಮೈಗೆ ಗೊತ್ತಾಗುವುದು ಅಲ್ಲೇ. ನೌಕಾಪಡೆಯ ತರಬೇತಿ ಹಾಯಿ ಹಡಗು ಐಎನ್‌ಎಸ್ ತರಂಗಿಣಿಗೆ ಮೂರು ಕೂವೆಮರ, ಅಂದರೆ ಹಾಯಿ ಹೊರುವ ಎತ್ತರದ ಕಂಬ. ಗಾಳಿ ಜೋರಾದರೆ ಹುಡುಗರು ಮೇಲೆ ಹತ್ತಿ, ಹಾಯಿ ತೂಗುವ ಅಡ್ಡಮರದ ಕೆಳಗಿನ ಹಗ್ಗದ ಮೇಲೆ ಕಾಲಿಟ್ಟು, ಹೊಟ್ಟೆಯನ್ನು ಮರಕ್ಕೆ ಒತ್ತಿ, ಎರಡೂ ಕೈಯಲ್ಲಿ ಹಾಯಿ ಮಡಚಿ ಕಟ್ಟಬೇಕು. ಸೊಂಟಕ್ಕೆ ಬೆಲ್ಟ್ ಇರುತ್ತದೆ, ಹೆದರಬೇಡಿ. ಅಡಿಕೆ ಕೊನೆ ತೆಗೆಯುವವರನ್ನು ನೋಡಿದ್ದೀರಲ್ವಾ, ಹಾಗೇ. ಇಲ್ಲಿ ಕೆಳಗಿನ ನೆಲವೂ ಓಲಾಡುತ್ತದೆ, ಅಷ್ಟೇ! ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ, ಅದೇ ದೊಡ್ಡ ಪಾಠ. ಗೋವಾದಲ್ಲಿ ಕಟ್ಟಿದ ಈ ಹಡಗು 1997ರಲ್ಲಿ ನೌಕಾಪಡೆ ಸೇರಿತು. 2003-04ರಲ್ಲಿ ಭೂಮಿಯನ್ನೇ ಸುತ್ತಿ ಬಂತು. ಎಂಜಿನ್ ಪಾಠಕ್ಕೆ ಐಎನ್‌ಎಸ್ ತೀರ್‌ನಂಥ ಹಡಗುಗಳಿವೆ, ಅದೂ ತಪ್ಪುವುದಿಲ್ಲ.