ಗಿಡದ ಆನೆಯ ಕಾಲು ಬೋಳಾದರೆ

ನಮಸ್ಕಾರ ಅಕ್ಕಾರ. ಗದಗಿನ ನಿಮ್ಮ ಬಡಾವಣೆ ಪಾರ್ಕಿನಲ್ಲಿ ಡುರಾಂಟಾ ಗಿಡವನ್ನು ಕತ್ತರಿಸಿ ಆನೆಯ ಆಕಾರ ಮಾಡಿಸಿದ್ದೀರಿ. ಬೆನ್ನು ಹಸಿರಾಗಿದೆ, ಕಾಲು ಬೋಳಾಗಿವೆ, ಔಷಧಿ ಹೊಡೆಯಬೇಕಾ ಅಂತ ಕೇಳಿದ್ದೀರಿ. ಫೋಟೋ ನೋಡಿದೆ. ಔಷಧಿ ಬೇಡ. ಇದು ರೋಗ ಅಲ್ಲ, ಹೊಟ್ಟೆಯ ನೆರಳಿಗೆ ಕೆಳಗೆ ಬಿಸಿಲು ಬೀಳುತ್ತಿಲ್ಲ.

ಧಾರವಾಡದಲ್ಲಿ ನಮ್ಮ ಓಣಿಯ ಆನೆಗೂ ಹೀಗೇ ಆಗಿತ್ತು. ಹೊಟ್ಟೆ ತುಂಬಿಕೊಳ್ಳಲಿ ಅಂತ ಬೆಳೆಯಲು ಬಿಟ್ಟಿದ್ದೆವು. ಒಂದಿನ ಎಲೆ ಸರಿಸಿ ಕೈ ಹಾಕಿದೆ. ಮೇಲೆ ನಾಲ್ಕು ಬೆರಳಷ್ಟು ಹಸಿರು, ಒಳಗೆಲ್ಲ ಒಣ ಕಡ್ಡಿ. ಮುಟ್ಟಿದರೆ ಎಲೆ ಪುಡಿಪುಡಿ. ಒಣಗಿದ್ದನ್ನೆಲ್ಲ ತೆಗೆದು, ಹೊಟ್ಟೆಯನ್ನು ಒಂದು ಗೇಣು ಮೇಲಕ್ಕೆ ಕತ್ತರಿಸಿದೆವು. ನೋಡೋಕೆ ಬಡಕಲಾಯಿತು, ಮನಸ್ಸಿಗೆ ಬೇಜಾರಾಯಿತು. ಆದರೆ ಎರಡು ಮಳೆ ಬಿದ್ದ ಮೇಲೆ ಕಾಲಿನ ಹಳೆ ಕಾಂಡದಿಂದಲೇ ಚಿಗುರು ಒಡೆಯಿತು.

ನೀವೂ ಮುಂಗಾರು ಹಿಡಿಯುವಾಗ ಹೀಗೆ ಮಾಡಿ. ಏಪ್ರಿಲ್-ಮೇ ಬಿಸಿಲಲ್ಲಿ ಆಳವಾಗಿ ಕತ್ತರಿ ಹಾಕಬೇಡಿ, ಒಳಗಿನ ಎಳೆ ಎಲೆ ಸುಟ್ಟುಹೋಗುತ್ತದೆ. ಆಮೇಲೆ ಮಳೆಗಾಲವಿಡೀ ಎರಡು-ಮೂರು ವಾರಕ್ಕೊಮ್ಮೆ ತುದಿ ಚಿವುಟಿದ ಹಾಗೆ ಸವರಿ. ಕಾಲಿನ ಬುಡ ಅಗಲ, ಮೇಲೆ ಸ್ವಲ್ಪ ಸಣ್ಣ ಇರಲಿ. ಸೊಂಡಿಲಿಗೆ ನಾಲ್ಕೈದು ಉದ್ದ ಚಿಗುರು ಬಿಟ್ಟು ಒಳಗಿನ ಚೌಕಟ್ಟಿನ ರಾಡ್‌ಗೆ ಕಟ್ಟಿ. ಬೈಂಡಿಂಗ್ ತಂತಿ ಬೇಡ, ತೊಗಟೆ ಒಳಗೇ ಇಳಿದುಬಿಡುತ್ತದೆ. ಸುತಲಿ ಸಾಕು.

ಆನೆ ಒಂದು ಕಡೆ ವಾಲಿದೆ ಅಂದಿರಲ್ಲ, ಅದು ಎರಿ ಮಣ್ಣಿನ (ಕಪ್ಪು ಮಣ್ಣಿನ) ಕೆಲಸ. ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಯಲ್ಲಿ ಉಬ್ಬುತ್ತದೆ, ಚೌಕಟ್ಟಿನ ಕಾಲು ಅಲುಗಾಡುತ್ತದೆ. ಕಾಲಿಗೆ ಕಾಂಕ್ರೀಟ್ ಹಾಕಿಸಿ. ಹೊಸ ಪ್ರಾಣಿ ಮಾಡುವುದಾದರೆ ಮಸಾರಿ (ಕೆಂಪು) ಮಣ್ಣು, ಕಳಿತ ತಿಪ್ಪೆಗೊಬ್ಬರ ಹಾಕಿ ಮಡಿ ಒಂದಡಿ ಎತ್ತರಿಸಿ. ಮಣ್ಣು ತುಂಬಾ ಆಳ ಇರಬೇಕಿಲ್ಲ. ಪ್ರಾಣಿ ಆಕಾರದ ಗಿಡಗಳಿಗೆ ಹೆಸರಾದ ಮುಂಬೈ ಮಲಬಾರ್ ಹಿಲ್‌ನ ಹ್ಯಾಂಗಿಂಗ್ ಗಾರ್ಡನ್ ಇರುವುದೇ ನೀರಿನ ಟ್ಯಾಂಕಿನ ಮೇಲೆ, 1881ರಿಂದ!

ಇನ್ನೊಂದು ಮಾತು. ಡುರಾಂಟಾದ ಕಿತ್ತಳೆ ಬಣ್ಣದ ಹಣ್ಣು ವಿಷ. ಪಾರ್ಕಿಗೆ ಸಣ್ಣ ಮಕ್ಕಳು ಬರುತ್ತಾರೆ ಅಲ್ವಾ, ಹೂ ಕಂಡ ಕೂಡಲೇ ಸವರಿಸಿ, ಕಾಯಿ ಕಟ್ಟಲು ಬಿಡಬೇಡಿ.

ಕತ್ತರಿ ಹಾಕುವ ಮುಂಚೆ ಕೈಯಿಂದ ಎಲೆ ಸರಿಸಿ ನೋಡುವುದನ್ನು ಮಾಲಿಗೆ ಹೇಳಿಡಿ. ನಮ್ಮ ಆನೆಯ ಕಿವಿ ಹಿಂದೆ ಹಕ್ಕಿ ಗೂಡು ಕಟ್ಟಿತ್ತು. ಮರಿ ಹಾರುವ ತನಕ ಆ ಕಿವಿ ಮುಟ್ಟಲಿಲ್ಲ.